ಶಾಲೆಯ ತೋಟಕ್ಕೆ ಮೊದಲು ಬೇಸಿಗೆಯ ಲೆಕ್ಕ

ಅರಸೀಕೆರೆಯಿಂದ ಬಾಣಾವರ, ಜಾವಗಲ್, ಹಳೇಬೀಡು ಹಾದು ಬೇಲೂರಿಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತರೆ ಒಂದೇ ಪ್ರಯಾಣದಲ್ಲಿ ಮೂರು ಸೀಮೆಗಳು ಕಾಣುತ್ತವೆ. ಮೊದಲು ತೆಂಗಿನ ತೋಟ, ನಡುನಡುವೆ ರಾಗಿ ಹೊಲ, ಕುರುಚಲು ಬೆಳೆದ ಕಲ್ಲುಗುಡ್ಡ. ಹಳೇಬೀಡು ಹತ್ತಿರವಾದಂತೆ ಮುಸುಕಿನ ಜೋಳ, ಆಲೂಗಡ್ಡೆ. ಬೇಲೂರು ದಾಟಿ ಬಿಕ್ಕೋಡು, ಅರೇಹಳ್ಳಿಯ ಕಡೆ ಹೊರಳಿದರೆ ಕಾಫಿ, ಕಾಳುಮೆಣಸು, ಸಿಲ್ವರ್ ಮರದ ಸಾಲು. ಅರಸೀಕೆರೆಯಲ್ಲಿ ವರ್ಷಕ್ಕೆ 700 ಮಿಲಿಮೀಟರಿನ ಆಸುಪಾಸು ಮಳೆಯಾದರೆ ಹೆಚ್ಚು. ಬೇಲೂರಿನ ಪಶ್ಚಿಮದ ಹೋಬಳಿಗಳಲ್ಲಿ ಅದು ಸಲೀಸಾಗಿ 1000 ದಾಟುತ್ತದೆ. ಮಣ್ಣೂ ಬೇರೆ, ಗಾಳಿಯೂ ಬೇರೆ, ಕಾಟ ಕೊಡುವ ಪ್ರಾಣಿಗಳೂ ಬೇರೆ. ಆದರೆ ಈ ಮೂರೂ ಸೀಮೆಯ ಸರ್ಕಾರಿ ಶಾಲೆಗಳಿಗೆ ‘ಶಾಲೆಯಲ್ಲಿ ಕೈತೋಟ ಮಾಡಿ’ ಎಂಬ ಸೂಚನೆ ಮಾತ್ರ ಒಂದೇ.

ಸೂಚನೆ ಒಳ್ಳೆಯದೇ. ಕೇಂದ್ರದ ಮಾನವ ಸಂಪನ್ಮೂಲ ಸಚಿವಾಲಯ 2019ರಲ್ಲಿ ಶಾಲಾ ಪೌಷ್ಟಿಕ ತೋಟಗಳಿಗೆ ಮಾರ್ಗಸೂಚಿ ಹೊರಡಿಸಿತು. ಬಿಸಿಯೂಟಕ್ಕೆ ಬೇಕಾದ ತರಕಾರಿ, ಸೊಪ್ಪಿನ ಒಂದು ಭಾಗವನ್ನಾದರೂ ಮಕ್ಕಳೇ ಬೆಳೆಯಲಿ, ಜಾಗ ಇಲ್ಲದಿದ್ದರೆ ಕುಂಡದಲ್ಲೋ ಡಬ್ಬದಲ್ಲೋ ಬೆಳೆಯಲಿ, ತೋಟಗಾರಿಕೆ ಇಲಾಖೆ ಮತ್ತು ಕೃಷಿ ವಿಜ್ಞಾನ ಕೇಂದ್ರಗಳ ನೆರವು ಪಡೆಯಲಿ ಎಂಬುದು ಅದರ ಸಾರ. ನಮ್ಮಲ್ಲಿ ನರೇಗಾ ಹಣದಿಂದಲೂ ಶಾಲೆಗಳಿಗೆ ಕಾಂಪೌಂಡು, ಪೌಷ್ಟಿಕ ತೋಟ ಆಗಿವೆ. ಬಹುತೇಕ ತೋಟಗಳು ಶುರುವಾಗುವುದು ಜೂನ್ ತಿಂಗಳಲ್ಲಿ, ಪರಿಸರ ದಿನದ ಆಜುಬಾಜಿನಲ್ಲಿ. ಮೃಗಶಿರ, ಆರಿದ್ರಾ ಮಳೆಗೆ ಏನು ನೆಟ್ಟರೂ ಚಿಗುರುತ್ತದೆ. ಫೋಟೋ ಚೆನ್ನಾಗಿ ಬರುತ್ತದೆ. ದಸರಾ ರಜೆಗೆ ಕಳೆ ಸೊಂಟದೆತ್ತರ ಬರುತ್ತದೆ, ಸಂಕ್ರಾಂತಿಯ ಹೊತ್ತಿಗೆ ನೆಲ ಬಿರಿದಿರುತ್ತದೆ, ಏಪ್ರಿಲ್‌ನಲ್ಲಿ ಗೇಟಿಗೆ ಬೀಗ ಬಿದ್ದ ಮೇಲೆ ದನ ನುಗ್ಗುತ್ತವೆ. ಮುಂದಿನ ಜೂನ್‌ನಲ್ಲಿ ಅದೇ ಗುಂಡಿಗೆ ಇನ್ನೊಂದು ಸಸಿ.

ಹೀಗೆ ಒಣಗುವ ತೋಟದಿಂದ ನಷ್ಟವಾಗುವುದು ಸಸಿಯ ದುಡ್ಡು ಮಾತ್ರವಲ್ಲ ಎಂಬುದೇ ನನ್ನ ಸಂಕಟ. ದೊಡ್ಡವರು ಶುರು ಮಾಡುವ ಕೆಲಸಗಳು ಅರ್ಧಕ್ಕೇ ನಿಲ್ಲುತ್ತವೆ ಎಂಬ ಪಾಠವನ್ನು ಹನ್ನೊಂದು, ಹನ್ನೆರಡರ ಮಕ್ಕಳು ಬಹಳ ಬೇಗ ಕಲಿಯುತ್ತಾರೆ. ರೈತರ ಮನೆಯ ಮಕ್ಕಳಿಗಂತೂ ಬೆಳೆ ಒಣಗುವುದನ್ನು ಶಾಲೆಗೆ ಬಂದು ನೋಡಬೇಕಾದ ಅಗತ್ಯವೇ ಇಲ್ಲ. ಅದನ್ನು ಅವರು ಮನೆಯಲ್ಲೇ ಸಾಕಷ್ಟು ನೋಡಿದ್ದಾರೆ. ಆದ್ದರಿಂದ ತೋಟದ ಯೋಜನೆಯನ್ನು ಜೂನ್‌ನಿಂದ ಶುರುಮಾಡಬಾರದು. ಮಾರ್ಚ್ ತಿಂಗಳಲ್ಲಿ ನಮ್ಮ ಶಾಲೆಗೆ ದಿನಕ್ಕೆ ಎಷ್ಟು ನೀರು ಖಾತ್ರಿ, ಏಪ್ರಿಲ್–ಮೇನಲ್ಲಿ ಅದನ್ನು ಯಾರು ಹಾಕುತ್ತಾರೆ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕ ಮೇಲೆ ಅಷ್ಟೇ ಜಾಗಕ್ಕೆ ಗುದ್ದಲಿ ಹಾಕಬೇಕು.

ನೀರಿನ ಲೆಕ್ಕವನ್ನು ಮಕ್ಕಳ ಕೈಲೇ ಮಾಡಿಸಬಹುದು. ಆರು, ಏಳು, ಎಂಟನೇ ತರಗತಿ ಸೇರಿ 80 ಮಕ್ಕಳಿದ್ದಾರೆ ಎಂದುಕೊಳ್ಳೋಣ. ಊಟಕ್ಕೆ ಮುಂಚೆ ಕೈ, ಊಟವಾದ ಮೇಲೆ ಕೈ ಮತ್ತು ತಟ್ಟೆ ತೊಳೆಯಲು ಒಬ್ಬೊಬ್ಬರಿಗೆ ಎರಡೇ ಲೀಟರ್ ಹಿಡಿದರೂ ದಿನಕ್ಕೆ 160 ಲೀಟರ್ ಆಯಿತು. ಈಗ ಇದು ನಲ್ಲಿ ಸಾಲಿನ ಕೆಳಗೆ ಕೊಚ್ಚೆಯಾಗಿ ನಿಂತು ಸೊಳ್ಳೆ ಸಾಕುತ್ತದೆ. ಬೇಸಿಗೆಯಲ್ಲಿ ಒಂದು ಚದರ ಮೀಟರ್ ತರಕಾರಿ ಪಾತಿಗೆ ದಿನಕ್ಕೆ ಸುಮಾರು ಐದು ಲೀಟರ್ ಬೇಕು. ಅಂದರೆ ಈ ಶಾಲೆ ಹೊಸದಾಗಿ ಒಂದು ಕೊಡ ನೀರನ್ನೂ ಹುಡುಕದೆ 30 ಚದರ ಮೀಟರ್ ತೋಟವನ್ನು ಮಾರ್ಚ್‌ನಲ್ಲೂ ಹಸಿರಾಗಿ ಇಡಬಹುದು. ಒಂದು ಮೀಟರ್ ಅಗಲ, ಮೂರು ಮೀಟರ್ ಉದ್ದದ ಹತ್ತು ಪಾತಿಗಳು, ಅಷ್ಟೇ. ಪಾತಿ ಒಂದು ಮೀಟರಿಗಿಂತ ಅಗಲವಾದರೆ ಮಕ್ಕಳ ಕೈ ನಡುವಿಗೆ ಎಟುಕುವುದಿಲ್ಲ, ಒಳಗೆ ಕಾಲಿಟ್ಟು ಮಣ್ಣು ತುಳಿದು ಗಟ್ಟಿ ಮಾಡುತ್ತಾರೆ.

ತೊಳೆದ ನೀರನ್ನು ನೇರವಾಗಿ ಬಿಡಬಾರದು. ಅನ್ನದ ಅಗುಳು, ಜಿಡ್ಡು, ಸೋಪು ಇರುತ್ತದೆ. ಮೊದಲು ಒಂದು ಜಾಲರಿ, ಆಮೇಲೆ ದಪ್ಪ ಜಲ್ಲಿ, ಸಣ್ಣ ಜಲ್ಲಿ, ಮರಳು ತುಂಬಿದ ಒಂದು ಸಣ್ಣ ತೊಟ್ಟಿ ಸಾಕು. ಜಾಲರಿಯನ್ನು ದಿನಾ, ಮರಳಿನ ಮೇಲ್ಪದರವನ್ನು ತಿಂಗಳಿಗೊಮ್ಮೆ ತೊಳೆಯಬೇಕು. ಇಲ್ಲದಿದ್ದರೆ ನಾಲ್ಕನೇ ವಾರಕ್ಕೆ ಗಬ್ಬು ನಾತ ಬಂದು ತೋಟದ ಮೇಲೆ ಎಲ್ಲರಿಗೂ ಬೇಸರ ಹುಟ್ಟುತ್ತದೆ. ಸೋಸಿದ ಈ ನೀರು ನುಗ್ಗೆ, ಪಪ್ಪಾಯಿ, ಬದನೆ, ಅವರೆಯ ಬುಡಕ್ಕೆ ಹೋಗಲಿ. ಸೊಪ್ಪಿನ ಪಾತಿಗೆ, ಹಸಿಯಾಗಿ ತಿನ್ನುವ ಕ್ಯಾರೆಟ್, ಮೂಲಂಗಿ, ಕೊತ್ತಂಬರಿಗೆ ಒಳ್ಳೆಯ ನೀರೇ ಬೇಕು. ಅದಕ್ಕೆ ಚಾವಣಿ ಇದೆ. ನಾಲ್ಕು ಕೊಠಡಿಗಳ ಮೇಲ್ಚಾವಣಿ ಸುಮಾರು 150 ಚದರ ಮೀಟರ್ ಇದ್ದರೆ ಒಂದು ಮಿಲಿಮೀಟರ್ ಮಳೆಗೆ 150 ಲೀಟರ್ ಬೀಳುತ್ತದೆ. ಒಂದು ಹದವಾದ 20 ಮಿಲಿಮೀಟರ್ ಮಳೆಯಲ್ಲಿ ಸೋರಿದ್ದು, ಆವಿಯಾದದ್ದು ಕಳೆದರೂ ಎರಡು ಸಾವಿರ ಲೀಟರಿಗೂ ಹೆಚ್ಚು ಸಿಗುತ್ತದೆ. ಗಣಿತದ ಮೇಷ್ಟ್ರಿಗೆ ಕ್ಷೇತ್ರಫಲ, ಘನಫಲದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಲೆಕ್ಕ ಬೇಕೆ?

ಇಷ್ಟು ಸಣ್ಣ ತೋಟದಿಂದ ಬಿಸಿಯೂಟಕ್ಕೆ ಏನಾದೀತು ಎಂದು ಕೇಳುವವರಿದ್ದಾರೆ. ಪ್ರಾಮಾಣಿಕ ಉತ್ತರ ಕೊಡಬೇಕು. ಯೋಜನೆಯ ನಿಯಮದ ಪ್ರಕಾರ ಹಿರಿಯ ಪ್ರಾಥಮಿಕ ಹಂತದ ಒಂದು ಮಗುವಿಗೆ ದಿನಕ್ಕೆ 75 ಗ್ರಾಂ ತರಕಾರಿ. 80 ಮಕ್ಕಳಿಗೆ ಆರು ಕಿಲೋ. ಸೊಪ್ಪು ಚೆನ್ನಾಗಿ ಬಂದರೆ ಒಂದು ಚದರ ಮೀಟರಿಗೆ ಒಂದು ಕಟಾವಿನಲ್ಲಿ ಸುಮಾರು ಒಂದು ಕಿಲೋ, ಅದೂ ತಿಂಗಳಿಗೊಮ್ಮೆ. ಇಡೀ 30 ಚದರ ಮೀಟರಿಗೂ ಸೊಪ್ಪೇ ಹಾಕಿದರೆ ತಿಂಗಳಲ್ಲಿ ಐದು ದಿನದ ಸಾರಿಗೆ ಆಗುತ್ತದೆ. ಎಲ್ಲ ದಿನವೂ ತೋಟದ ತರಕಾರಿ ಎಂದು ಬೋರ್ಡು ಬರೆಸುವುದು ಸುಳ್ಳು. ವಾರಕ್ಕೊಂದು ದಿನ ಮಕ್ಕಳು ಬೆಳೆದ ದಂಟಿನ ಸೊಪ್ಪಿನ ಬಸ್ಸಾರೋ ಮಸ್ಸೊಪ್ಪೋ ಆಗುವುದು ನಿಜ. ಆ ಒಂದು ದಿನ ತಟ್ಟೆಯಲ್ಲಿ ಸೊಪ್ಪು ಮಿಗುವುದಿಲ್ಲ. ತಾವೇ ಬಿತ್ತಿ, ನೀರು ಹಾಕಿ, ಕಿತ್ತು ತಂದದ್ದನ್ನು ಮಕ್ಕಳು ಬಿಡುವುದಿಲ್ಲ.

ಇಲ್ಲಿ ಒಂದು ಮಾತು. ತೋಟದ ಬಗ್ಗೆ ಮೊದಲ ಸಭೆ ಕರೆದಾಗ ಅಡುಗೆಯವರನ್ನು ಕರೆಯುವುದನ್ನೇ ಎಷ್ಟೋ ಕಡೆ ಮರೆಯುತ್ತಾರೆ. ಆರು ಕಿಲೋ ಸೊಪ್ಪನ್ನು ಬಿಡಿಸಿ, ಮಣ್ಣು ಹೋಗುವಂತೆ ಮೂರು ಸಲ ತೊಳೆದು, ಹೆಚ್ಚುವುದಕ್ಕೆ ಹಿಡಿಯುವ ಹೊತ್ತು ಬೀನ್ಸ್, ಆಲೂಗಡ್ಡೆಗೆ ಹಿಡಿಯುವುದಿಲ್ಲ. ಒಬ್ಬರೋ ಇಬ್ಬರೋ ಅಡುಗೆಯವರು ಅನ್ನ, ಸಾರು, ಪಾತ್ರೆ ಎಲ್ಲ ನೋಡಿಕೊಳ್ಳುವ ಶಾಲೆಯಲ್ಲಿ ಸೊಪ್ಪಿನ ದಿನ ಅವರಿಗೆ ದಂಡನೆಯಾಗಬಾರದು. ಆ ದಿನ ಇಬ್ಬರು ತಾಯಂದಿರು ಬೆಳಿಗ್ಗೆ ಒಂದು ಗಂಟೆ ಬಂದು ಸೊಪ್ಪು ಬಿಡಿಸಿಕೊಡುವ ಏರ್ಪಾಡು ಆಗದ ಹೊರತು ತೋಟದ ಸೊಪ್ಪು ಅಡುಗೆಮನೆಯ ಬಾಗಿಲಲ್ಲೇ ಬಾಡುತ್ತದೆ. ಅಮೆರಿಕದ ಬರ್ಕ್‌ಲಿಯಲ್ಲಿ ಆಲಿಸ್ ವಾಟರ್ಸ್ ಎಂಬ ಹೋಟೆಲಿನ ಒಡತಿ 1995ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮಿಡ್ಲ್ ಸ್ಕೂಲಿನ ಡಾಂಬರು ನೆಲವನ್ನು ತೋಟ ಮಾಡಿಸಿದ ಪ್ರಯತ್ನ ಇಂದಿಗೂ ಉಳಿದಿದೆ. ಅಲ್ಲಿ ತೋಟದ ಜೊತೆಗೆ ಮಕ್ಕಳು ಅಡುಗೆ ಮಾಡುವ ಮನೆಯೂ ಪಾಠದ ಕೋಣೆಯೇ ಆಗಿರುವುದು ಅದು ಉಳಿದದ್ದಕ್ಕೆ ದೊಡ್ಡ ಕಾರಣ ಎಂದು ನಾನು ತಿಳಿದಿದ್ದೇನೆ. ನಮಗೆ ಅದೃಷ್ಟವಶಾತ್ ಅಡುಗೆಮನೆಯನ್ನು ಹೊಸದಾಗಿ ಕಟ್ಟಬೇಕಿಲ್ಲ. ಬಿಸಿಯೂಟದ ಅಕ್ಷರ ದಾಸೋಹ ಯೋಜನೆ ಬಂದ ಮೇಲೆ ಹಳ್ಳಿಯ ಬಹುತೇಕ ಶಾಲೆಗಳಲ್ಲಿ ಒಲೆ ಉರಿಯುತ್ತಿದೆ.

ಇನ್ನು ಏನು ಬೆಳೆಯಬೇಕು ಎನ್ನುವುದು ಊರಿನ ಮೇಲೆ ನಿಂತಿದೆ. ಅರಸೀಕೆರೆಯ ಕಡೆ ಮಣ್ಣು ಕೆಂಪು, ಮರಳು ಮಿಶ್ರಿತ, ನೀರು ಹಿಡಿಯುವುದಿಲ್ಲ. ಎತ್ತರದ ಮಡಿ ಮಾಡಿದರೆ ಇನ್ನೂ ಬೇಗ ಒಣಗುತ್ತದೆ. ಅಲ್ಲಿ ಪಾತಿ ನೆಲಮಟ್ಟಕ್ಕಿಂತ ನಾಲ್ಕು ಬೆರಳು ತಗ್ಗಿರಬೇಕು, ಬಿದ್ದ ಹನಿ ಹೊರಗೆ ಹರಿಯಬಾರದು. ಮೇಲೆ ದಪ್ಪ ಹೊದಿಕೆ ಬೇಕು. ಕೊಬ್ಬರಿಯ ಸೀಮೆಯಲ್ಲಿ ಅದಕ್ಕೇನು ಬರ? ಸುಲಿದ ಮಟ್ಟೆಯ ರಾಶಿ ಊರೂರಲ್ಲಿ ಬಿದ್ದಿರುತ್ತದೆ. ಮಟ್ಟೆಯನ್ನು ಗುಳಿಯಲ್ಲಿ ಅಂಗಾತ ಜೋಡಿಸಿ ಮೇಲೆ ಮಣ್ಣು ಮುಚ್ಚಿದರೆ ಅದು ತಿಂಗಳುಗಟ್ಟಲೆ ತೇವ ಹಿಡಿದಿಡುತ್ತದೆ. ನುಗ್ಗೆ, ಅಲಸಂದೆ, ಅವರೆ, ತೊಗರಿ, ಗೋರಿಕಾಯಿ, ದಂಟು ಅಲ್ಲಿಗೆ ಹೊಂದುವ ಬೆಳೆಗಳು. ಹೊಂಗೆ ಮರ ಇರುವ ಶಾಲೆಯಲ್ಲಿ ಉದುರಿದ ಎಲೆಯನ್ನು ಗುಡಿಸಿ ಸುಡುವುದನ್ನು ಮೊದಲು ನಿಲ್ಲಿಸಬೇಕು. ಹೊಂಗೆ ಸೊಪ್ಪು ನಮ್ಮ ಅಜ್ಜಂದಿರು ಗದ್ದೆಗೆ ತುಳಿಯುತ್ತಿದ್ದ ಗೊಬ್ಬರ. ಹೊಂಗೆ ಹಿಂಡಿ ಗೊಬ್ಬರವೂ ಹೌದು, ಬೇರಿನ ಹುಳುಗಳಿಗೆ ತಡೆಯೂ ಹೌದು.

ಹಳೇಬೀಡಿನದು ಬೇರೆ ಕಥೆ. ಬೇಲೂರು ತಾಲ್ಲೂಕಿಗೇ ಸೇರಿದರೂ ಈ ಹೋಬಳಿಯ ಬಾಳು ಬಯಲುಸೀಮೆಯದು. ದ್ವಾರಸಮುದ್ರ ಕೆರೆಗೆ ಯಗಚಿಯ ನೀರು ತರುವ ರಣಘಟ್ಟ ಯೋಜನೆಗಾಗಿ ಇಲ್ಲಿನ ರೈತರು ಎಷ್ಟು ಹೋರಾಡಿದ್ದಾರೆ ಎಂಬುದನ್ನು ಮಕ್ಕಳು ಮನೆಯಲ್ಲಿ ಕೇಳಿಯೇ ಇರುತ್ತಾರೆ. ಹೊಯ್ಸಳರ ರಾಜಧಾನಿ ಈ ಒಂದು ಕೆರೆಯ ದಂಡೆಯಲ್ಲಿ ನಿಂತಿತ್ತು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇಗುಲಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದ ಮೇಲೆ ಜಗತ್ತು ನೋಡಲು ಬರುವುದು ಕಲ್ಲಿನ ಕೆತ್ತನೆಯನ್ನು. ಆ ಕೆತ್ತನೆಗೆ ಅನ್ನ ಹಾಕಿದ್ದು ಕೆರೆ ಎಂಬುದನ್ನು ಶಾಲೆಯ ತೋಟದಲ್ಲಿ ನಿಂತು ಹೇಳಿದರೆ ಇತಿಹಾಸ ಮಕ್ಕಳಿಗೆ ಬೇರೆಯದೇ ಆಗಿ ಕಾಣುತ್ತದೆ. ಒಂದು ಎಚ್ಚರವೂ ಇದೆ. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡಕ್ಕೆ ನಿಷೇಧ, ಅದರಾಚೆಗೆ 200 ಮೀಟರ್ ನಿಯಂತ್ರಿತ ಪ್ರದೇಶ. ಹತ್ತಿರದ ಶಾಲೆಗಳು ತೊಟ್ಟಿ, ಕಾಂಪೌಂಡು ಕಟ್ಟುವ ಮುಂಚೆ ಪುರಾತತ್ವ ಇಲಾಖೆಯವರನ್ನು ಕೇಳಬೇಕು. ಗುದ್ದಲಿಗೆ ಕೆತ್ತಿದ ಕಲ್ಲು ಸಿಕ್ಕರೆ ಅಲ್ಲಿಗೇ ನಿಲ್ಲಿಸಿ ತಿಳಿಸಬೇಕು. ಬೆಳೆಯ ವಿಷಯಕ್ಕೆ ಬಂದರೆ, ಆಲೂಗಡ್ಡೆ ಇಲ್ಲಿನ ಮಕ್ಕಳಿಗೆ ಹೊಸದೇನಲ್ಲ, ಆದರೆ ಅಂಗಮಾರಿ ರೋಗ ಮಳೆ ಹಿಡಿದ ವಾರದಲ್ಲೇ ಏಕೆ ಬರುತ್ತದೆ ಎಂದು ಕಾರಣ ಹುಡುಕಲು ಒಂದೇ ಒಂದು ಪಾತಿ ಸಾಕು.

ಬೇಲೂರಿನ ಮಲೆನಾಡಿನ ಸೆರಗಿನಲ್ಲಿ ಚಿಂತೆ ತಿರುವುಮುರುವು. ಆಷಾಢ, ಶ್ರಾವಣದಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ. ಅಲ್ಲಿ ಮಡಿ ಒಂದು ಗೇಣು ಎತ್ತರವಿರಬೇಕು, ಬಸಿಗಾಲುವೆ ಬೇಕು. ಮಣ್ಣು ಹುಳಿ ಇರುವುದರಿಂದ ಸುಣ್ಣ ಬೇಕಾಗುತ್ತದೆ. 2024ರಿಂದ ನಮ್ಮ ಶಾಲೆಗಳಲ್ಲಿ ವಾರಕ್ಕೆ ಆರು ದಿನ ಮೊಟ್ಟೆ ಸಿಗುತ್ತಿದೆ. ಆ ಚಿಪ್ಪುಗಳನ್ನು ಒಣಗಿಸಿ ಪುಡಿ ಮಾಡಿ ಗೊಬ್ಬರದ ಗುಂಡಿಗೆ ಹಾಕಿದರೆ ನಿಧಾನವಾಗಿ ಸುಣ್ಣದ ಕೆಲಸ ಮಾಡುತ್ತದೆ. ಕೆಸು, ಸೀಮೆಬದನೆ, ಬಸಳೆ, ಗೆಣಸು, ಒಂದೆಲಗ ಚೆನ್ನಾಗಿ ಬರುತ್ತವೆ. ಬಾಳೆ, ಹಲಸು ಇನ್ನೂ ಚೆನ್ನಾಗಿ ಬರುತ್ತವೆ. ಆದರೆ ಬಿಕ್ಕೋಡು, ಅರೇಹಳ್ಳಿಯ ಸುತ್ತ ಕಾಡಾನೆ ತಿರುಗುವ ಹಳ್ಳಿಗಳಲ್ಲಿ ಅವನ್ನು ಶಾಲೆಯ ಆವರಣದಲ್ಲಿ ನೆಡಲೇಬಾರದು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಬಾಳೆಗೊನೆ, ಹಲಸಿನ ಹಣ್ಣಿನ ವಾಸನೆ ಆನೆಯನ್ನು ಮಕ್ಕಳ ಬಾಗಿಲಿಗೆ ಕರೆಯುತ್ತದೆ. ಯಾವ ಸುತ್ತೋಲೆಯಲ್ಲೂ ಇರದ ಇಂಥ ಮಾತು ಗೊತ್ತಿರುವುದು ಊರಿನವರಿಗೆ. ಅವರನ್ನು ಕೇಳಿ ನೆಡಬೇಕು ಎನ್ನುವುದು ಅದಕ್ಕೇ.

ಆರರಿಂದ ಎಂಟನೇ ತರಗತಿಯ ವಯಸ್ಸು ಈ ಕೆಲಸಕ್ಕೆ ತೀರಾ ಹದವಾದದ್ದು. ಗುದ್ದಲಿ ಎತ್ತುವ ಶಕ್ತಿ ಬಂದಿರುತ್ತದೆ, ಎಸ್ಸೆಸ್ಸೆಲ್ಸಿಯ ಭಯ ಇನ್ನೂ ಬಂದಿರುವುದಿಲ್ಲ. ಏಳನೆಯ ತರಗತಿಯ ವಿಜ್ಞಾನದಲ್ಲಿ ಸಸ್ಯಗಳ ಪೋಷಣೆ, ಎಂಟನೆಯದರಲ್ಲಿ ಬೆಳೆ ಉತ್ಪಾದನೆ ಮತ್ತು ನಿರ್ವಹಣೆ ಪಾಠವೇ ಆಗಿದೆ. ಬೀಜ ಮೊಳೆಯುವ ಪ್ರಮಾಣ, ವಾರಕ್ಕೆ ಗಿಡ ಬೆಳೆದ ಎತ್ತರ, ಹೊದಿಕೆ ಇರುವ ಮತ್ತು ಇಲ್ಲದ ಪಾತಿಯ ತೇವ ಇವನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿಸಬಹುದು. ನೇರ ಗೋಡೆಯ ಒಂದು ಡಬ್ಬ, ಒಂದು ಸ್ಕೇಲು ಇದ್ದರೆ ಮಳೆಮಾಪಕ ಆಯಿತು. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕ ಇಟ್ಟಿದೆ. ಅದರ ಅಂಕಿಯ ಜೊತೆ ತಮ್ಮ ಡಬ್ಬದ ಅಂಕಿಯನ್ನು ಹೋಲಿಸುವ ಮಗು ವ್ಯತ್ಯಾಸ ಏಕೆ ಬಂತೆಂದು ಕೇಳಿಯೇ ಕೇಳುತ್ತದೆ. 1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿ ಕೈಕೆಲಸದ ಮೂಲಕವೇ ಶಿಕ್ಷಣ ಎಂದಾಗ ಅವರ ಮನಸ್ಸಿನಲ್ಲಿದ್ದದ್ದು ಕೆಲಸದ ಒಳಗಿನಿಂದ ಹುಟ್ಟುವ ಇಂಥ ಪ್ರಶ್ನೆಗಳೇ.

ಆದರೆ ‘ಮಕ್ಕಳ ಕೈಲಿ ಕೂಲಿ ಮಾಡಿಸ್ತಾರೆ’ ಎಂದು ಪೋಷಕರು ಸಿಟ್ಟಾಗುವುದಕ್ಕೂ ಕಾರಣವಿದೆ. ಗೆರೆ ಸ್ಪಷ್ಟವಾಗಿರಬೇಕು. ತೋಟದ ಕೆಲಸ ಎಂದೂ ಶಿಕ್ಷೆಯಾಗಬಾರದು. ಲೆಕ್ಕ ಬರದ ಹುಡುಗ ಕಳೆ ಕೀಳಲಿ ಎಂದರೆ ಲೆಕ್ಕವೂ ಹೋಯಿತು, ತೋಟವೂ ಹೋಯಿತು. ಹುಡುಗಿಯರು ಗುಡಿಸುವುದು, ಹುಡುಗರು ಅಗೆಯುವುದು ಎಂದು ಹಂಚಬಾರದು. ಸಗಣಿ ಬುಟ್ಟಿ ಯಾವುದೋ ಒಂದು ಕೇರಿಯ ಮಕ್ಕಳ ತಲೆಗೇ ಹೋಗುವಂತಾದರೆ ಆ ತೋಟ ಇಲ್ಲದಿರುವುದೇ ಮೇಲು. ಸರದಿ ಪಟ್ಟಿ ಗೋಡೆಯ ಮೇಲಿರಲಿ, ಅದರಲ್ಲಿ ಮೇಷ್ಟ್ರ ಹೆಸರೂ ಇರಲಿ. ಏನು ಬಿತ್ತಬೇಕು ಎಂಬ ತೀರ್ಮಾನ ಶಾಲಾ ಸಂಸತ್ತಿನದಾಗಲಿ. ಮಕ್ಕಳು ಕಡಲೆಕಾಯಿ ಎಂದರೆ ಕಡಲೆಕಾಯಿ. ಅಂಗಡಿಯ ಬೀಜ ಗುಲಾಬಿಯೋ ನೀಲಿಯೋ ಬಣ್ಣದ್ದಾಗಿದ್ದರೆ ಅದಕ್ಕೆ ಔಷಧಿ ಸವರಿರುತ್ತದೆ. ಮಕ್ಕಳು ಅದನ್ನು ಬರಿಗೈಲಿ ಮುಟ್ಟಬಾರದು. ಮನೆಯ ಬೀಜ ತಂದರೆ ಆ ಭಯವಿಲ್ಲ. ವಿಷ ಸಿಂಪಡಣೆ ಶಾಲೆಯ ಬೇಲಿಯೊಳಗೆ ಬೇಡವೇ ಬೇಡ.

ಊರಿನವರ ನೆರವನ್ನು ‘ಸಮುದಾಯದ ಸಹಭಾಗಿತ್ವ’ ಎಂಬ ದೊಡ್ಡ ಮಾತಿನಲ್ಲಿ ಕೇಳಿದರೆ ಯಾರೂ ಬರುವುದಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಸಣ್ಣ ಕೆಲಸ ಹೇಳಬೇಕು. ನಮ್ಮ ಹಾಸನ ಜಿಲ್ಲೆಯ ಹಳ್ಳಿಗಳಲ್ಲಿ ದಿನಕ್ಕೆರಡು ಸಲ ಊರೇ ಸೇರುವ ಜಾಗ ಹಾಲಿನ ಡೇರಿ. ಹಾಲು ಹಾಕಲು ಬರುವವರನ್ನು ಮೇ ತಿಂಗಳಲ್ಲಿ ತಲಾ ಒಂದು ಮಂಕರಿ ಹಳೆಯ ಕೊಟ್ಟಿಗೆ ಗೊಬ್ಬರ ಕೇಳಿದರೆ ಹತ್ತು ಪಾತಿಗೆ ಬೇಕಾದ್ದಕ್ಕಿಂತ ಹೆಚ್ಚೇ ಬರುತ್ತದೆ. ಮೊದಲ ಸಲ ನೆಲ ಅಗೆದು ಹದ ಮಾಡುವುದು ಹಳೆಯ ವಿದ್ಯಾರ್ಥಿಗಳ ಒಂದು ಭಾನುವಾರದ ಕೆಲಸ. ಸೊಪ್ಪು ಬಿಡಿಸುವುದನ್ನು ಸ್ತ್ರೀಶಕ್ತಿ ಸಂಘದವರು ಹಂಚಿಕೊಳ್ಳಬಹುದು. ಮಣ್ಣು ಪರೀಕ್ಷೆ, ಸಸಿ, ಸಲಹೆಗೆ ಹಾಸನದ ಕಂದಲಿಯ ಕೃಷಿ ವಿಜ್ಞಾನ ಕೇಂದ್ರ ಇದೆ. ಕಾರೆಕೆರೆಯ ಕೃಷಿ ಕಾಲೇಜಿನ ಅಂತಿಮ ವರ್ಷದ ವಿದ್ಯಾರ್ಥಿಗಳು ಗ್ರಾಮೀಣ ಅನುಭವಕ್ಕೆಂದು ಹಳ್ಳಿಗಳಲ್ಲಿ ಉಳಿಯುತ್ತಾರೆ. ಅವರು ಬಂದ ಊರಿನ ಶಾಲೆ ಅವರನ್ನು ಬಿಡಬಾರದು.

ಎಲ್ಲಕ್ಕಿಂತ ಕಷ್ಟದ ಭಾಗ ರಜೆ. ದಸರಾ ರಜೆಯಲ್ಲಿ ಹಸ್ತ, ಚಿತ್ತೆ ಮಳೆ ಕೈಹಿಡಿಯುವುದುಂಟು, ನಂಬಿ ಕೂರುವಂತಿಲ್ಲ. ಶಾಲೆಯ ಪಕ್ಕದಲ್ಲೇ ಮನೆ ಇರುವ ಎರಡು ಕುಟುಂಬಗಳಿಗೆ ಗೇಟಿನ ಬೀಗದ ಕೈ ಕೊಟ್ಟು, ಆ ದಿನಗಳ ಫಸಲು ಅವರದೇ ಎಂದು ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಬರೆದುಕೊಂಡರೆ ನೀರು ತಪ್ಪುವುದಿಲ್ಲ. ಉಚಿತ ಸೇವೆ ಕೇಳುವುದಕ್ಕಿಂತ ಇದು ಮರ್ಯಾದೆಯ ದಾರಿ. ಬೇಸಿಗೆಗೆ ನನ್ನ ಸಲಹೆ ಇನ್ನೂ ಸರಳ. ಏಪ್ರಿಲ್ ಮೊದಲ ವಾರದಲ್ಲಿ ತೋಟವನ್ನು ಲಕ್ಷಣವಾಗಿ ಮುಚ್ಚಬೇಕು. ರಜೆ ಬಿದ್ದ ಮೇಲೆ ಊಟದ ನೀರೂ ನಿಲ್ಲುತ್ತದೆ. ಉಳಿದದ್ದನ್ನೆಲ್ಲ ಕಿತ್ತು, ಬೀಜಕ್ಕೆ ಬಿಟ್ಟ ಕಾಯಿಗಳನ್ನು ಒಣಗಿಸಿ, ಪಾತಿಗಳಿಗೆ ಗೊಬ್ಬರ ಹರಡಿ, ದಪ್ಪಗೆ ಎಲೆ ಹೊದಿಸಿ ಬಿಡುವುದು. ನುಗ್ಗೆ, ಕರಿಬೇವಿನಂಥ ನಾಲ್ಕಾರು ಗಿಡಗಳಿಗೆ ಮಾತ್ರ ವಾರಕ್ಕೆರಡು ಕೊಡ ನೀರು. ಹೀಗೆ ಮುಚ್ಚಿದ ತೋಟ ಒಣಗಿದ ತೋಟವಲ್ಲ.

ದೊಡ್ಡದಾಗಿ ಮಾಡುವ ಆಸೆ ಇರುವ ಶಾಲೆಗಳಿಗೆ ದಕ್ಷಿಣ ಕನ್ನಡದ ಪುತ್ತೂರು, ಬಂಟ್ವಾಳದ ಕಡೆ ಮಾದರಿ ಇದೆ. ಅಲ್ಲಿ ಕೆಲವು ಸರ್ಕಾರಿ ಶಾಲೆಗಳ ಜಮೀನಿನಲ್ಲಿ ಊರಿನವರು ಸೇರಿ ಅಡಿಕೆ ತೋಟ ಎಬ್ಬಿಸಿದ್ದಾರೆ, ಆದಾಯ ಶಾಲೆಯ ಖರ್ಚಿಗೆ ಹೋಗುತ್ತದೆ. ಅರಸೀಕೆರೆಯಲ್ಲಿ ಜಾಗವಿರುವ ಶಾಲೆ ತೆಂಗಿನಲ್ಲಿ ಅದನ್ನೇ ಮಾಡಬಹುದು. ನಾಟಿ ತಳಿ ಫಲಕ್ಕೆ ಬರಲು ಆರೇಳು ವರ್ಷ ಬೇಕು. ಆರನೇ ತರಗತಿಯ ಮಗು ನೆಟ್ಟ ಸಸಿ ಕಾಯಿ ಬಿಡುವ ಹೊತ್ತಿಗೆ ಆ ಮಗು ಪಿಯುಸಿ ಮುಗಿಸಿರುತ್ತದೆ. ಕಾಯಿ ಯಾರು ಕೀಳಬೇಕು, ಹಣ ಯಾವ ಖಾತೆಗೆ ಎಂಬುದನ್ನು ನೆಡುವ ದಿನವೇ ನಡಾವಳಿ ಪುಸ್ತಕದಲ್ಲಿ ಬರೆದಿಡದಿದ್ದರೆ ಫಸಲಿನ ಜೊತೆ ಜಗಳವೂ ಬರುತ್ತದೆ.

ಹತ್ತು ಪಾತಿಯ ತೋಟಕ್ಕೆ ಇಷ್ಟೆಲ್ಲ ಬೇಕಿಲ್ಲ. ಶಾಲಾ ವರ್ಷದ ಕೊನೆಯ ಎಸ್‌ಡಿಎಂಸಿ ಸಭೆ ಸಾಮಾನ್ಯವಾಗಿ ಪರೀಕ್ಷೆಯ ಹೊತ್ತಿಗೆ ನಡೆಯುತ್ತದೆ. ಅದೇ ವಾರ ಎಂಟನೇ ತರಗತಿಯ ಮಕ್ಕಳು ಕೈತೊಳೆಯುವ ನಲ್ಲಿಯ ಕೆಳಗೆ ಬಕೆಟ್ ಇಟ್ಟು ಐದು ದಿನದ ನೀರು ಅಳೆದು, ಅಂಕಿಯನ್ನು ಸಭೆಯ ಮುಂದೆ ಇಡಲಿ. ಅಡುಗೆಯವರು, ಡೇರಿಯ ಕಾರ್ಯದರ್ಶಿ, ಶಾಲೆಯ ಪಕ್ಕದ ಮನೆಯವರು ಆ ಸಭೆಯಲ್ಲಿ ಕೂತಿರಲಿ. ಗೊಬ್ಬರ ಮೇ ತಿಂಗಳಲ್ಲಿ ಬಂದು ಬಿದ್ದರೆ ಶಾಲೆ ಶುರುವಾದ ವಾರವೇ, ರೋಹಿಣಿ ಮಳೆ ಮುಗಿಯುವುದರೊಳಗೆ, ಮೊದಲ ಪಾತಿಗೆ ದಂಟಿನ ಬೀಜ ಚೆಲ್ಲಬಹುದು. ಜುಲೈ ಮೊದಲ ವಾರಕ್ಕೆ ಅದು ಬಸ್ಸಾರಿಗೆ ಬರುತ್ತದೆ.